ಒಂದು ಕಿಲೋಮೀಟರಿನ ಗೆರೆ

ಮನೆಮಂದಿಯೆಲ್ಲ ಕೂಡಿ ಓದುವ ಈ ಪುಟದಲ್ಲಿ ರಾಜಕಾರಣದ ಮಾತು ಬೇಡವೆಂಬುದು ನಾವು ಹಾಕಿಕೊಂಡ ಪದ್ಧತಿ. ಆದರೆ ರಾಜಕಾರಣವೇ ತಾನಾಗಿ ಬಂದು ನಮ್ಮ ಮಕ್ಕಳ ಪಾಟೀಚೀಲದೊಳಗೆ ಕುಳಿತರೆ ಏನು ಮಾಡೋಣ? ಪದ್ಧತಿಯನ್ನು ಈ ಸಲದ ಮಟ್ಟಿಗೆ ಮುರಿಯುತ್ತೇವೆ. ಹಿರಿಯರು ಕ್ಷಮಿಸಬೇಕು.

2024ರ ಏಪ್ರಿಲ್ ತಿಂಗಳ ಒಂದು ಸಂಜೆ. ಬಿಬವೇವಾಡಿಯ ಅಪ್ಪರ್ ಇಂದಿರಾನಗರದ ಏರಿನಲ್ಲಿ ವಾಸವಾಗಿರುವ ನಮ್ಮ ಕಡೆಯ ಒಬ್ಬ ಗೃಹಸ್ಥರು ಮನೆಗೆ ಬಂದರು. ಊರು ಅಫಜಲಪುರ ತಾಲೂಕು, ಕೆಲಸ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುವುದು. ಹೆಂಡತಿ ಎರಡು ಮನೆಗಳಲ್ಲಿ ಅಡಿಗೆ ಮಾಡುತ್ತಾರೆ. ಆರು ತುಂಬಿದ ಮಗಳನ್ನೂ ಜತೆಗೆ ಕರೆತಂದಿದ್ದರು. ಚಹಾ ಮುಟ್ಟುವ ಮೊದಲೇ ಮಾತು ತೆಗೆದರು:

“ಕಾಕಾರ, ಹುಡುಗೀ ಅರ್ಜಿ ತುಂಬಸಾಕ ಹೋಗಿದ್ದೆ. ನಮ್ಮ ಮನಿ ಸುತ್ತ ಇಂಗ್ಲಿಷ್ ಸಾಲಿ ಒಂದೂ ತೋರಸವಲ್ದು. ಬರೇ ಕಾರ್ಪೊರೇಶನ್ ಸಾಲಿ ಅಷ್ಟ ಬರ್ತಾವ. ಹ್ವಾದ ವರ್ಷ ನಮ್ಮ ಓಣ್ಯಾಗಿನ ಹುಡುಗಗ ಸಿಕ್ಕಿತ್ತಲ್ರೀ, ಈಗೇನ್ ಆತು?”

ಏನಾಯಿತು ಎಂಬುದನ್ನು ತಿಳಿಯಲು ನಾವೂ ನಾಲ್ಕು ದಿನ ಪತ್ರಿಕೆಗಳನ್ನು ತಿರುವಿ ಹಾಕಬೇಕಾಯಿತು. ತಿಳಿದದ್ದನ್ನು ವಾಚಕರ ಮುಂದಿಡುತ್ತೇವೆ.

2009ರಲ್ಲಿ ಪಾರ್ಲಿಮೆಂಟು ಮಾಡಿದ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳೆಲ್ಲರಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ದೊರೆಯಬೇಕೆಂಬುದು ಅದರ ಸಾರ. ಅದರ 12ನೆಯ ಕಲಮಿನಂತೆ, ಸರ್ಕಾರದಿಂದ ಅನುದಾನ ಪಡೆಯದ ಖಾಸಗಿ ಶಾಲೆಗಳೂ ಮೊದಲನೆಯ ಇಯತ್ತೆಯ ನೂರು ಜಾಗಗಳಲ್ಲಿ ಇಪ್ಪತ್ತೈದನ್ನು ಸುತ್ತಲಿನ ಬಡ ಹಾಗೂ ಹಿಂದುಳಿದ ಮನೆಗಳ ಮಕ್ಕಳಿಗೆ ಕೊಡಬೇಕು. ವೆಚ್ಚವನ್ನು ಸರ್ಕಾರ ತುಂಬಿಕೊಡುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರದಲ್ಲಿ ಆಗ ತಂದೆತಾಯಿಗಳು ನಕಾಶೆಯ ಮೇಲೆ ತಮ್ಮ ಮನೆಯ ಗುರುತು ಹಾಕಬೇಕಾಗಿತ್ತು. ಅಲ್ಲಿಂದ ಒಂದು ಕಿಲೋಮೀಟರಿನೊಳಗಿನ ಶಾಲೆಗಳಿಗೆ ಮೊದಲ ಸರದಿ ಇತ್ತು, ಆಮೇಲೆ ಮೂರು ಕಿಲೋಮೀಟರು. ಹತ್ತು ಶಾಲೆಗಳವರೆಗೆ ಆರಿಸಬಹುದಾಗಿತ್ತು. ಮುಂದಿನದು ಚೀಟಿಯ ದೈವ.

ಇದೆಲ್ಲ ಸರಿಯಷ್ಟೆ. 2024ರ ಫೆಬ್ರುವರಿ 9ರಂದು ಮಹಾರಾಷ್ಟ್ರ ಸರ್ಕಾರವು ನಿಯಮಗಳಿಗೆ ಒಂದು ತಿದ್ದುಪಡಿ ಮಾಡಿತು. ಸರ್ಕಾರಿ ಅಥವಾ ಅನುದಾನಿತ ಶಾಲೆಯೊಂದರಿಂದ ಒಂದು ಕಿಲೋಮೀಟರಿನೊಳಗೆ ಇರುವ ಖಾಸಗಿ ಶಾಲೆಯು ಈ ಇಪ್ಪತ್ತೈದು ಮಕ್ಕಳನ್ನು ತೆಗೆದುಕೊಳ್ಳಬೇಕಾಗಿಲ್ಲ ಎಂಬುದೇ ಆ ತಿದ್ದುಪಡಿ. ಹಳ್ಳಿಗಾಡಿನಲ್ಲಿ ಕಿಲೋಮೀಟರೆಂದರೆ ಒಂದು ಹೊಲ ದಾಟಿದಂತೆ. ಪುಣೆಯಂಥ ಶಹರದಲ್ಲಿ ಒಂದು ಕಿಲೋಮೀಟರಿನ ವರ್ತುಲ ಎಳೆದರೆ ಅದರೊಳಗೆ ಯಾವುದಾದರೊಂದು ಪಾಲಿಕೆಯ ಶಾಲೆಯೋ ಅನುದಾನಿತ ಶಾಲೆಯೋ ಬಂದೇ ಬರುತ್ತದೆ. ಆದ್ದರಿಂದ ಒಂದೇ ಗೀಟಿನಿಂದ ಶಹರದ ಹೆಚ್ಚಿನ ಖಾಸಗಿ ಶಾಲೆಗಳು ಪಟ್ಟಿಯಿಂದ ಮಾಯವಾದವು. ನಮ್ಮ ಅಫಜಲಪುರದವರಿಗೆ ಆ ಸಂಜೆ ಏನೂ ತೋರದಿದ್ದ ಕಾರಣ ಇಷ್ಟೇ.

ಈ ಗೀಟು ಮಹಾರಾಷ್ಟ್ರದವರು ಹೊಸದಾಗಿ ಕಂಡುಹಿಡಿದದ್ದಲ್ಲ. ನಮ್ಮ ತಾಯ್ನಾಡೇ ಅದಕ್ಕೆ ಮೇಲ್ಪಂಕ್ತಿ. 2018ರ ಡಿಸೆಂಬರದಲ್ಲಿ ಕರ್ನಾಟಕ ಸರ್ಕಾರವು ಇಂಥದೇ ನಿಯಮ ಮಾಡಿತು. 2019ರ ಮೇ ತಿಂಗಳಲ್ಲಿ ಕರ್ನಾಟಕದ ಹೈಕೋರ್ಟು ಅದನ್ನು ಒಪ್ಪಿತು. ಅದುವರೆಗೆ ಒಂದೂವರೆ ಲಕ್ಷದ ಸುಮಾರಿಗಿದ್ದ ಜಾಗಗಳು ಆ ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದೊಳಕ್ಕೆ ಇಳಿದವು.

ಈಗ ರಾಜಕಾರಣಿಗಳ ಮಾತಿಗೆ ಬರೋಣ. ಕರ್ನಾಟಕದಲ್ಲಿ ಆ ನಿಯಮ ತಂದಾಗ ಇದ್ದುದು ಕುಮಾರಸ್ವಾಮಿಯವರ ಮುಖ್ಯಮಂತ್ರಿತ್ವದ ಜನತಾದಳ ಮತ್ತು ಕಾಂಗ್ರೆಸಿನ ಕೂಡುಸರ್ಕಾರ. ಮುಂದೆ ಬಂದ ಭಾರತೀಯ ಜನತಾ ಪಕ್ಷದ ಸರ್ಕಾರವೂ ಅದನ್ನು ತೆಗೆದುಹಾಕಲಿಲ್ಲ. ಮಹಾರಾಷ್ಟ್ರದಲ್ಲಿ ತಂದದ್ದು ಶಿವಸೇನೆಯ ಏಕನಾಥ ಶಿಂದೆಯವರ ಸರ್ಕಾರ. ಭಾರತೀಯ ಜನತಾ ಪಕ್ಷ ಅದರ ದೊಡ್ಡ ಪಾಲುದಾರ, ಕಾಂಗ್ರೆಸು ಇಲ್ಲಿ ವಿರೋಧದ ಬೆಂಚಿನಲ್ಲಿ. ಕೃಷ್ಣೆ ಭೀಮೆಯರ ಈ ದಡದಲ್ಲಿ ಒಂದು ಪಕ್ಷ ಕುಳಿತ ಜಾಗದಲ್ಲಿ ಆ ದಡದಲ್ಲಿ ಇನ್ನೊಂದು ಕುಳಿತಿತ್ತು. ಗೀಟು ಮಾತ್ರ ಒಂದೇ. ಕುರ್ಚಿಯ ಮೇಲಿದ್ದವರಿಗೆ ಅದು ಸರ್ಕಾರಿ ಶಾಲೆಯ ಉದ್ಧಾರವಾಗಿ ಕಾಣುತ್ತದೆ, ಎದುರಿನ ಬೆಂಚಿನವರಿಗೆ ಬಡವರ ಬಾಗಿಲಿಗೆ ಹಾಕಿದ ಅಗಳಿಯಾಗಿ ಕಾಣುತ್ತದೆ. ಯಾವುದೋ ಒಂದು ಪಕ್ಷವನ್ನು ಬೈದು ಮನಸ್ಸು ಹಗುರ ಮಾಡಿಕೊಳ್ಳುವ ಸೌಕರ್ಯ ಹೊರನಾಡ ಕನ್ನಡಿಗರಾದ ನಮಗಿಲ್ಲ. ನಾವು ಎರಡೂ ದಡ ಕಂಡವರು.

ಸರ್ಕಾರದ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಪಕ್ಕದಲ್ಲೇ ಜನರ ತೆರಿಗೆಯಿಂದ ಕಟ್ಟಿದ ಶಾಲೆಯಿರುವಾಗ ಮತ್ತೆ ಖಾಸಗಿಯವರಿಗೆ ಹಣ ತುಂಬುವುದೇಕೆ, ಆ ಹಣ ಪಾಲಿಕೆಯ ಶಾಲೆಗೇ ಹೋಗಲಿ ಎಂಬ ಮಾತು ಕೇಳುವುದಕ್ಕೆ ಚೆನ್ನಾಗಿಯೇ ಇದೆ. ಖಾಸಗಿ ಶಾಲೆಯವರೂ ಸರ್ಕಾರದಿಂದ ಬರಬೇಕಾದ ಬಾಕಿ ವರ್ಷವರ್ಷಕ್ಕೆ ಬೆಳೆಯುತ್ತಿದೆಯೆಂದು ದೂರುತ್ತಲೇ ಬಂದಿದ್ದರು. ಪುಣೆ ಮಹಾನಗರಪಾಲಿಕೆ ಮರಾಠಿ, ಉರ್ದು, ಇಂಗ್ಲಿಷುಗಳ ಜತೆಗೆ ಕನ್ನಡ ಮಾಧ್ಯಮದಲ್ಲಿಯೂ ಶಾಲೆ ನಡೆಸಿದ ಸಂಸ್ಥೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಒಂದು ಪ್ರಶ್ನೆಯನ್ನು ಕೇಳದಿರಲಾರೆವು. ಪಾಲಿಕೆಯ ಶಾಲೆಯ ಗುಣ ಹಾಡುವವರು ತಮ್ಮ ಮನೆಯ ಮಕ್ಕಳನ್ನು ಎಲ್ಲಿಗೆ ಕಳಿಸುತ್ತಾರೆ? ಇದನ್ನು ಬರೆಯುವಾಗ ನಮ್ಮ ಲೇಖನಿಯೂ ಒಮ್ಮೆ ತಡವರಿಸಿತು. ನಮ್ಮ ಮಕ್ಕಳು, ಮೊಮ್ಮಕ್ಕಳು ಓದಿದ್ದೂ ಖಾಸಗಿ ಶಾಲೆಯಲ್ಲಿಯೇ. ಆಯ್ಕೆ ನಮಗಿತ್ತು, ಮಾಡಿಕೊಂಡೆವು. ಗೀಟು ಎಳೆದದ್ದು ಆಯ್ಕೆ ಇಲ್ಲದವರ ಬಾಗಿಲಿಗೆ.

ಸ್ಥಳೀಯ ಮುಖಂಡರನ್ನು ಕಾಣೋಣವೆಂದು ಆ ಗೃಹಸ್ಥರನ್ನು ಕರೆದುಕೊಂಡು ಹೊರಟೆವು. ಆಗ ನೆನಪಾಯಿತು, ಪುಣೆಯಲ್ಲಿ ನಗರಸೇವಕರೇ ಇಲ್ಲ! 2022ರ ಮಾರ್ಚಿನಲ್ಲಿ ಪಾಲಿಕೆಯ ಅವಧಿ ಮುಗಿದಿತ್ತು. ಮೀಸಲಾತಿಯ ಖಟ್ಲೆ, ಪ್ರಭಾಗಕ್ಕೆ ಮೂರು ಸದಸ್ಯರೋ ನಾಲ್ಕೋ ಎಂಬ ಜಗ್ಗಾಟ, ಇವುಗಳಲ್ಲಿ ಚುನಾವಣೆ ಮುಂದಕ್ಕೆ ಹೋಗಿ ಆಡಳಿತಾಧಿಕಾರಿಯ ಕೈಯಲ್ಲಿ ಊರು ನಡೆದಿತ್ತು. ಸಿಕ್ಕವರೆಲ್ಲ ಮಾಜಿಗಳು. ಒಬ್ಬ ಮಾಜಿಗಳು ಆದರದಿಂದ ಕೂಡಿಸಿ, “ಇದು ಮುಂಬಯಿಯಲ್ಲಿ ಆದ ನಿರ್ಣಯ, ನಮ್ಮ ಕೈಯಲ್ಲಿ ಏನಿದೆ?” ಎಂದರು. ಇನ್ನೊಬ್ಬರು ಅರ್ಜಿಯನ್ನು ತೆಗೆದುಕೊಂಡು, ಮೇ 13ರ ಲೋಕಸಭೆಯ ಮತದಾನ ಮುಗಿಯಲಿ, ಆಮೇಲೆ ನೋಡೋಣ ಎಂದರು. ಮೂರನೆಯವರು ನಮ್ಮ ಗೃಹಸ್ಥರನ್ನು ಕೇಳಿದ ಮೊದಲ ಪ್ರಶ್ನೆ: “ನಿಮ್ಮ ಹೆಸರು ಇಲ್ಲಿನ ಮತದಾರರ ಯಾದಿಯಲ್ಲಿ ಇದೆಯೇ?” ಇರಲಿಲ್ಲ, ಅಫಜಲಪುರದಲ್ಲಿತ್ತು. ಮಾತು ಅಲ್ಲಿಗೆ ಮುಗಿಯಿತು.

ವಾರ್ಡಿನ ಗಡಿ ಒಂದು ಗಲ್ಲಿ ಆಚೆ ಸರಿದರೆ ಇವರಿಗೆ ನಿದ್ದೆ ಬರುವುದಿಲ್ಲ. ಪ್ರಭಾಗರಚನೆಯ ಕರಡು ಬಂದಾಗ ಆಕ್ಷೇಪಣೆಗಳು ಸಾವಿರಗಟ್ಟಲೆ ಬೀಳುತ್ತವೆ. ಯಾವ ಸೊಸೈಟಿ ಯಾವ ಕಡೆಗೆ, ಯಾವ ವಸತಿ ಯಾವ ಕಡೆಗೆ ಎಂಬುದು ಬಾಯಿಪಾಠ. ಶಾಲೆಯ ಗಡಿ ಇಡೀ ರಾಜ್ಯದಲ್ಲಿ ಸರಿದಾಗ, ಅದು ಮುಂಬಯಿಯ ನಿರ್ಣಯ! ಆರು ವರ್ಷದ ಹುಡುಗಿಗೆ ಮತವಿಲ್ಲ ನೋಡಿ.

ಕೊನೆಗೆ ಕೆಲಸಕ್ಕೆ ಬಂದದ್ದು ನ್ಯಾಯಾಲಯ. ಪಾಲಕರೂ ಸಂಘಟನೆಗಳೂ ಮುಂಬಯಿ ಹೈಕೋರ್ಟಿಗೆ ಹೋದರು. 2024ರ ಮೇ 6ರಂದು ತಡೆಯಾಜ್ಞೆ ಬಂದಿತು. ಜುಲೈ 19ರಂದು ಮುಖ್ಯ ನ್ಯಾಯಾಧೀಶ ದೇವೇಂದ್ರಕುಮಾರ ಉಪಾಧ್ಯಾಯ ಮತ್ತು ನ್ಯಾಯಮೂರ್ತಿ ಅಮಿತ್ ಬೋರಕರ ಅವರ ಪೀಠವು ತಿದ್ದುಪಡಿಯನ್ನು ರದ್ದುಗೊಳಿಸಿತು. ಪಾರ್ಲಿಮೆಂಟಿನ ಕಾಯಿದೆ ಕೊಟ್ಟದ್ದನ್ನು ಅದರ ಕೆಳಗಿನ ನಿಯಮವೊಂದು ಕಸಿದುಕೊಳ್ಳಲಾರದು ಎಂಬುದು ತೀರ್ಪಿನ ತಿರುಳು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಉಳಿಸಿತು. ಸಿರಿವಂತರ ಮಕ್ಕಳು ಬಡವರ ಮಕ್ಕಳೊಂದಿಗೆ ಕೂತು ಕಲಿತರೆ ದೇಶವೆಂದರೆ ಏನೆಂಬುದು ಅವರಿಗೂ ತಿಳಿಯುತ್ತದೆ ಎಂಬ ಅರ್ಥದ ಮಾತು ಅಲ್ಲಿ ನ್ಯಾಯಪೀಠದಿಂದ ಬಂದಿತು. ಒಂದೇ ಬಗೆಯ ನಿಯಮಕ್ಕೆ ಬೆಂಗಳೂರಿನಲ್ಲಿ ಒಂದು ನ್ಯಾಯ, ಮುಂಬಯಿಯಲ್ಲಿ ಇನ್ನೊಂದು! ಊರು ಬಿಟ್ಟು ಬಂದದ್ದರಿಂದ ನಮ್ಮವರಿಗೆ ಲಾಭವಾದ ಅಪರೂಪದ ಪ್ರಸಂಗವಿದು ಎಂದು ನಾವು ಹಿಗ್ಗಿದೆವು.

ಹಿಗ್ಗಿದ್ದು ಅವಸರವಾಯಿತು. ತಡೆಯಾಜ್ಞೆ ಬಂದ ಮೇಲೆ ಮೇ ತಿಂಗಳಲ್ಲಿ ಅರ್ಜಿಗಳನ್ನು ಹೊಸದಾಗಿ ಕರೆದರು. ರಾಜ್ಯದ ಸುಮಾರು ಒಂಬತ್ತು ಸಾವಿರ ಖಾಸಗಿ ಶಾಲೆಗಳು, ಲಕ್ಷಕ್ಕೆ ಮೀರಿದ ಜಾಗಗಳು ಮತ್ತೆ ಪಟ್ಟಿಗೆ ಬಂದವು. ನಾವೇ ಆ ದಂಪತಿಗಳನ್ನು ಕೂಡಿಸಿಕೊಂಡು ಕಾಗದಪತ್ರ ನೋಡತೊಡಗಿದೆವು. ಜಾತಿಯ ದಾಖಲೆ ಕರ್ನಾಟಕದ್ದು. ಪರರಾಜ್ಯದ ದಾಖಲೆ ಇಲ್ಲಿ ನಡೆಯದು. ಹಾಗಾದರೆ ವರ್ಷಕ್ಕೆ ಒಂದು ಲಕ್ಷದೊಳಗಿನ ಆದಾಯದ ದಾಖಲೆ ಬೇಕು. ಅದನ್ನು ತಹಶೀಲಿ ಕಚೇರಿಗೆ ಅಲೆದು ತಂದದ್ದಾಯಿತು. ಉಳಿದದ್ದು ವಾಸಸ್ಥಳದ ಪುರಾವೆ. ಬಾಡಿಗೆಯ ಮನೆಯವರಿಗೆ ನೋಂದಣಿಯಾದ ಕರಾರುಪತ್ರ ಬೇಕು. ಇವರ ಬಳಿ ಇದ್ದುದು ಬಾಯಿಮಾತಿನ ಕರಾರು. ಮನೆಯ ಮಾಲಕರು “ಬಾಡಿಗೆ ಕೊಡುತ್ತೀರಿ, ಇರುತ್ತೀರಿ, ನೋಂದಣಿ ಯಾಕೆ ಬೇಕು?” ಎಂದು ಕೈಯಾಡಿಸಿಬಿಟ್ಟರು. ಮೂರು ಸಲ ನಾವೂ ಹೋಗಿ ಕೇಳಿಕೊಂಡೆವು. ಕಡೆಯ ದಿನ ಮುಗಿಯಿತು.

ಹಾಗೆ ಉಚ್ಚ ನ್ಯಾಯಾಲಯ, ಸರ್ವೋಚ್ಚ ನ್ಯಾಯಾಲಯ ಎರಡೂ ಕೂಡಿ ಅಳಿಸಿದ ಗೆರೆಯಿಂದ ಆ ಹುಡುಗಿಗೆ ಏನೂ ಆಗಲಿಲ್ಲ. ಅವಳನ್ನು ತಡೆದ ಗೆರೆ ಬೇರೆಯೇ ಇತ್ತು. ಒಂದು ಕಿಲೋಮೀಟರಿನ ಮೇಲೆ ಪರವಾಗಿಯೂ ವಿರೋಧವಾಗಿಯೂ ಅಷ್ಟೆಲ್ಲ ಮಾತಾಡಿದ ಮುಖಂಡರಲ್ಲಿ ಒಬ್ಬರ ಬಾಯಲ್ಲಿಯೂ ಈ ಬಾಡಿಗೆಯ ಕಾಗದದ ಮಾತನ್ನು ನಾವು ಕೇಳಲಿಲ್ಲ. ನಾವೂ ಅದನ್ನು ಮೊದಲೇ ಕೇಳಿರಲಿಲ್ಲ ಎಂಬುದೇ ನಮಗೆ ಹೆಚ್ಚಿನ ಸಂಕಟ. ಈ ಪ್ರವೇಶ ಆರಂಭದ ಇಯತ್ತೆಗೆ ಮಾತ್ರ. ವರ್ಷ ದಾಟಿದರೆ ದಾಟಿತು.

ಹುಡುಗಿ ಜೂನಿನಲ್ಲಿ ಪಾಲಿಕೆಯ ಶಾಲೆಗೆ ಸೇರಿದಳು. ಮರಾಠಿ ಮಾಧ್ಯಮ. ಈಗ ಮನೆಯಲ್ಲಿ ಅವ್ವನಿಗೆ ಮರಾಠಿ ಪತ್ರಗಳನ್ನು ಓದಿ ಹೇಳುವವಳು ಅವಳೇ. “ಬಾಯಿಯರು ಚಲೋ ಅದಾರ್ರೀ ಕಾಕಾ, ಹೊಡಿಯಂಗಿಲ್ಲ” ಎಂದು ತಂದೆ ಒಮ್ಮೆ ಹೇಳಿದರು. ಆದರೆ ಹುಡುಗಿ ಮನೆಗೆ ಬಂದಾಗ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ: “ಅಜ್ಜಾ, ನಮ್ಮ ಮನೀ ಎದುರಿಗಿನ ಸಾಲೀಗೆ ಬಸ್ಸಿನ್ಯಾಗ ದೂರಿಂದ ಹುಡುಗೂರು ಬರ್ತಾರ. ನಾ ಯಾಕ ಹೋಗಂಗಿಲ್ಲ?”

2026ರ ಜನವರಿಯಲ್ಲಿ ಪಾಲಿಕೆಯ ಚುನಾವಣೆ ಕೊನೆಗೂ ನಡೆದು, ಸುಮಾರು ನಾಲ್ಕು ವರ್ಷಗಳ ಮೇಲೆ ನಗರಸೇವಕರು ಬಂದರು. ಅವರನ್ನು ಕಾಣಲು ಹೋಗುವ ವಾಚಕರಲ್ಲಿ ನಮ್ಮದೊಂದು ವಿನಂತಿ. ಹಾರದ ಜತೆಗೆ ಮೂರು ಪ್ರಶ್ನೆಗಳನ್ನೂ ಒಯ್ಯಿರಿ. ನಮ್ಮ ಪ್ರಭಾಗದ ಪಾಲಿಕೆ ಶಾಲೆಗಳಲ್ಲಿ ಎಷ್ಟು ಶಿಕ್ಷಕರ ಜಾಗ ಖಾಲಿ ಇದೆ? ನಮ್ಮ ಸುತ್ತಲಿನ ಯಾವ ಯಾವ ಖಾಸಗಿ ಶಾಲೆಗಳು ಇಪ್ಪತ್ತೈದರ ಪಟ್ಟಿಯಲ್ಲಿವೆ? ಬಾಡಿಗೆಯ ಕರಾರು ನೋಂದಣಿಯಾಗದ ಬಡವರಿಗೆ ಬೇರೆ ಯಾವ ಪುರಾವೆ ನಡೆಯುವಂತೆ ನೀವು ಸರ್ಕಾರಕ್ಕೆ ಬರೆಯುವಿರಿ? ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ ಕೇಳಿರಿ.

ಸಂಘದ ಸದಸ್ಯರಲ್ಲಿ ಮನೆ ಬಾಡಿಗೆಗೆ ಕೊಟ್ಟವರು ಬಹಳ ಜನರಿದ್ದಾರೆ. ಅವರಿಗೂ ಒಂದು ಮಾತು. ಕರಾರುಪತ್ರ ನೋಂದಣಿ ಮಾಡಿಕೊಡಿರಿ. ಅದರ ಖರ್ಚು ಒಂದು ಹಬ್ಬದ ಸಿಹಿತಿಂಡಿಗಿಂತ ಹೆಚ್ಚಾಗಲಿಕ್ಕಿಲ್ಲ. ನಿಮ್ಮ ಮನೆ ಎಲ್ಲಿಗೂ ಓಡಿಹೋಗುವುದಿಲ್ಲ.

ಅಫಜಲಪುರದವರು ಮನೆ ಬದಲಿಸಿದ್ದಾರೆ. ಏರಿನಲ್ಲಿಯೇ, ನಾಲ್ಕು ಗಲ್ಲಿ ಕೆಳಗೆ. ಬಾಡಿಗೆ ಸ್ವಲ್ಪ ಹೆಚ್ಚು. ಹೊಸ ಮಾಲಕರು ಕಾಗದ ಮಾಡಿಕೊಡಲು ಒಪ್ಪಿದ್ದಾರಂತೆ. ಹುಡುಗಿಗೆ ಒಬ್ಬ ತಮ್ಮನಿದ್ದಾನೆ. ಅವನ ಸರದಿ ಬರುತ್ತಿದೆ.