ಸವೆದ ಗ್ರಿಪ್, ದಣಿಯುವ ಕೈ



ಈ ತಿಂಗಳು ಗಾಲ್ಫ್ ಕೋಲಿನ ಗ್ರಿಪ್ ಬಗ್ಗೆ ಬರೆಯುತ್ತೇವೆ ಎಂದರೆ, ‘ನಮಗೂ ಗಾಲ್ಫಿಗೂ ಏನು ಸಂಬಂಧ?’ ಎಂದು ನೀವು ಕೇಳಬಹುದು. ಸಂಬಂಧ ಅಷ್ಟೇನೂ ದೂರದ್ದಲ್ಲ. ನಮ್ಮ ಬತ್ತಲಗುಂಡಿನಿಂದ ಘಾಟ್ ರಸ್ತೆ ಹತ್ತಿದರೆ ಕೊಡೈಕನಾಲ್. ಅಲ್ಲಿನ ಗಾಲ್ಫ್ ಕ್ಲಬ್ 1895ರಲ್ಲೇ ಆರಂಭವಾದದ್ದು. ಆಟ ಉಳ್ಳವರದ್ದು ಎನ್ನುತ್ತೇವೆ. ಆದರೆ ಗಾಲ್ಫ್ ಮೈದಾನಗಳಲ್ಲಿ ಚೀಲ ಹೊರುವವರು, ಹುಲ್ಲು ನೋಡಿಕೊಳ್ಳುವವರು ಸಾಮಾನ್ಯ ಮನೆಗಳ ಮಕ್ಕಳೇ. ಚೀಲ ಹೊರುವವರನ್ನು ಕ್ಯಾಡಿ ಎನ್ನುತ್ತಾರೆ. ದೆಹಲಿಯ ಅಲಿ ಶೇರ್ ಕ್ಯಾಡಿಯಾಗಿದ್ದವರು, 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬೆಂಗಳೂರಿನ ಸಿ. ಮುನಿಯಪ್ಪನವರೂ ಕ್ಯಾಡಿಯಾಗಿದ್ದವರೇ, 2009ರಲ್ಲಿ ಅದೇ ಪ್ರಶಸ್ತಿ ಅವರದಾಯಿತು.

ಬಡ ಹುಡುಗನ ಕೈಗೆ ಬರುವುದು ಸಾಮಾನ್ಯವಾಗಿ ಯಾರೋ ಬಳಸಿ ಬಿಟ್ಟ ಹಳೆಯ ಕೋಲು. ಅದರ ಉಕ್ಕು ಗಟ್ಟಿಯಾಗಿಯೇ ಇರುತ್ತದೆ, ಸವೆದಿರುವುದು ಗ್ರಿಪ್. ಹಿಂದೆ ಮರದ ಕೋಲಿಗೆ ಚರ್ಮದ ಪಟ್ಟಿ ಸುತ್ತುತ್ತಿದ್ದರು. ಕಳೆದ ಶತಮಾನದ ನಡುವಿನಿಂದ ಕಾಲುಚೀಲದಂತೆ ತೊಡಿಸುವ ರಬ್ಬರ್ ಗ್ರಿಪ್ ಬಳಕೆಗೆ ಬಂತು. ಬೆವರು, ಚರ್ಮದ ಎಣ್ಣೆ, ಬಿಸಿಲು, ಮುಚ್ಚಿದ ಕಾರಿನ ಕಾವು ಇವೆಲ್ಲ ಸೇರಿ ರಬ್ಬರನ್ನು ಗಡುಸು ಮಾಡುತ್ತವೆ. ಮೊದಲು ಹೊಳಪು ಬರುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಹೆಬ್ಬೆರಳು ಕೂರುವ ಜಾಗ ತಗ್ಗಾಗುತ್ತದೆ.

ಇದರಿಂದ ಏನಾಗುತ್ತದೆ? ಕೋಲು ಜಾರುತ್ತದೆಂದು ಕೈ ತನಗೇ ತಿಳಿಯದಂತೆ ಬಿಗಿ ಹಿಡಿಯುತ್ತದೆ. ಬಿಗಿ ಹಿಡಿದರೆ ಮಣಿಕಟ್ಟು ತಿರುಗದು, ಮೊಳಕೈ ನೋಯುತ್ತದೆ, ಚೆಂಡು ದಾರಿ ತಪ್ಪುತ್ತದೆ. ಹುಡುಗ ‘ನನಗೆ ಆಟ ಬಾರದು’ ಎಂದುಕೊಳ್ಳುತ್ತಾನೆ. ತಪ್ಪು ಅವನದಲ್ಲ, ರಬ್ಬರಿನದು! ಮಂಜಿನಲ್ಲಿ ಒದ್ದೆಯಾದ ಗ್ರಿಪ್ ಕೈಜಾರಿ ಕೋಲು ಹಾರಿದರೆ ಪಕ್ಕದಲ್ಲಿ ನಿಂತವರಿಗೂ ಅಪಾಯ. ಈ ಕಣಿವೆಯಲ್ಲಿ ಗುದ್ದಲಿ ಹಿಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕಾವು ಸಡಿಲವಾದರೆ ಬೊಬ್ಬೆ ಏಳುವುದು ಅಂಗೈಯಲ್ಲಿ.

ನಿತ್ಯ ಆಡುವವರು ವರ್ಷಕ್ಕೊಮ್ಮೆ ಗ್ರಿಪ್ ಬದಲಿಸುವುದು ವಾಡಿಕೆ. ಅದಕ್ಕೂ ಮೊದಲು ಒಂದು ಸುಲಭ ಪರೀಕ್ಷೆ ಇದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಬ್ರಷ್ ಇವುಗಳಿಂದ ತೊಳೆದು ಒಣಗಿಸಿರಿ. ಹಿಡಿತ ಮರಳಿದರೆ ಅದು ಬರೀ ಕೊಳೆ. ಮರಳದಿದ್ದರೆ ಬದಲಿಸಲೇಬೇಕು.

ಕೆಲಸ ಕಷ್ಟದ್ದಲ್ಲ. ಹಳೆಯ ಗ್ರಿಪ್ಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿರಿ, ಬ್ಲೇಡು ಯಾವಾಗಲೂ ಮೈಯಿಂದ ಆಚೆಗೆ ಸಾಗಲಿ. ಗ್ರಾಫೈಟ್ ಕೋಲಾದರೆ ಎಳೆಗಳು ಕೊಯ್ಯದಂತೆ ಕೊಕ್ಕೆಯಂತೆ ಬಾಗಿದ ಬ್ಲೇಡು ಬಳಸಬೇಕು. ಹಳೆಯ ಟೇಪನ್ನು ಪೂರ್ತಿ ಕೆರೆದು ಒರೆಸಿರಿ. ಎರಡೂ ಬದಿ ಅಂಟಿರುವ ಟೇಪನ್ನು ಸುತ್ತಿ, ತುದಿಯಲ್ಲಿ ಅರ್ಧ ಅಂಗುಲ ಹೆಚ್ಚು ಬಿಟ್ಟು ಕೊಳವೆಯೊಳಕ್ಕೆ ಮಡಚಿರಿ. ಹೊಸ ಗ್ರಿಪ್ಪಿನ ತಲೆಯ ಸಣ್ಣ ರಂಧ್ರವನ್ನು ಬೆರಳಿನಿಂದ ಮುಚ್ಚಿ, ಒಳಗೆ ಟರ್ಪಂಟೈನ್ ಸುರಿದು ಅಲುಗಿಸಿ, ಅದನ್ನೇ ಟೇಪಿನ ಮೇಲೆ ಹರಿಸಿರಿ. ಅಂಟು ಜಾರುವಾಗಲೇ ಒಂದೇ ಉಸಿರಿನಲ್ಲಿ ಗ್ರಿಪ್ಪನ್ನು ಕೊನೆಯವರೆಗೆ ತಳ್ಳಬೇಕು. ನಡುವೆ ನಿಂತರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಗುರುತಿನ ಗೆರೆಯನ್ನು ಕೋಲಿನ ಮುಖಕ್ಕೆ ನೇರ ಮಾಡಿ, ಒಂದು ರಾತ್ರಿ ಒಣಗಲು ಬಿಡಿರಿ.

ಎರಡು ಎಚ್ಚರಿಕೆ. ಪೆಟ್ರೋಲ್ ಬೇಡವೇ ಬೇಡ. ಟರ್ಪಂಟೈನನ್ನೂ ಒಲೆ, ದೀಪಗಳಿಂದ ದೂರ, ಗಾಳಿಯಾಡುವ ಅಂಗಳದಲ್ಲೇ ಬಳಸಿರಿ. ಇನ್ನು, ದಪ್ಪ ನೋಡಿ ಕೊಳ್ಳಿರಿ. ಬಲಗೈ ಆಟಗಾರ ಎಡಗೈಯಲ್ಲಿ ಹಿಡಿದಾಗ ನಡುವಿನ ಎರಡು ಬೆರಳುಗಳ ತುದಿ ಹೆಬ್ಬೆರಳ ಬುಡವನ್ನು ಹಗುರವಾಗಿ ಮುಟ್ಟಿದರೆ ಅಳತೆ ಸರಿ. ಬೆಳೆಯುವ ಮಕ್ಕಳಿಗೆ ದೊಡ್ಡವರ ಗ್ರಿಪ್ ಹೊಂದುವುದಿಲ್ಲ.

ಒಬ್ಬ ಆಟಗಾರ ಹದಿನಾಲ್ಕು ಕೋಲುಗಳವರೆಗೆ ಒಯ್ಯಬಹುದೆಂದು ಆಟದ ನಿಯಮ. ಹದಿನಾಲ್ಕನ್ನೂ ಒಮ್ಮೆಲೇ ಬದಲಿಸಲು ಹಣ ಸಾಲದಿದ್ದರೆ ಹೆಚ್ಚು ಬಳಸುವ ಮೂರು ನಾಲ್ಕರಿಂದ ಆರಂಭಿಸಿರಿ. ಹಳೆಯ ಕೋಲುಗಳನ್ನು ಯಾರಿಗಾದರೂ ಕೊಡುವವರಿದ್ದರೆ ಅವರಲ್ಲಿ ನಮ್ಮದೊಂದು ಮನವಿ: ಗ್ರಿಪ್ ಬದಲಿಸಿ ಕೊಡಿರಿ. ಸವೆದದ್ದನ್ನು ಹಾಗೇ ದಾಟಿಸಿದರೆ ನಮ್ಮ ಮನೆಯ ಜಾಗ ಖಾಲಿಯಾಗುತ್ತದೆ, ಹುಡುಗನ ಕೈಗೆ ನೋವು ಉಳಿಯುತ್ತದೆ.

ಗಾಲ್ಫ್ ಕೋಲನ್ನೇ ಕಾಣದ ಮನೆಗಳಲ್ಲೂ ಇಂಥ ಹಿಡಿಗಳಿವೆ. ಅಜ್ಜಿಯ ವಾಕರಿನ ಹಿಡಿ, ತಾತನ ಊರುಗೋಲಿನ ತುದಿಯ ರಬ್ಬರ್, ಮಗನ ಸೈಕಲ್ ಹ್ಯಾಂಡಲ್. ದಿನವೂ ಹಿಡಿಯುವವರಿಗೆ ಸವೆತ ಕಾಣುವುದಿಲ್ಲ, ಅದು ಅಷ್ಟು ನಿಧಾನ. ಆದ್ದರಿಂದ ಮತ್ತೊಬ್ಬರು ಮುಟ್ಟಿ ನೋಡಬೇಕು. ಈ ವಾರವೇ ನೋಡಿರಿ. ಅಜ್ಜಿ ಜಾರಿ ಬಿದ್ದ ಮೇಲೆ ಹೊಸ ರಬ್ಬರ್ ತಂದು ಫಲವೇನು?