ಅಗ್ಗದ ವಿಮಾನ, ದೂರದ ನಿಲ್ದಾಣ



2003ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದಾಗ ವಿಮಾನ ಜನಸಾಮಾನ್ಯರ ಕೈಗೆಟುಕುವಂತಾಯಿತು. ಆಗ ಬೆಂಗಳೂರಿನ ನಿಲ್ದಾಣ ಎಚ್‌ಎಎಲ್‌ನಲ್ಲಿತ್ತು, ವೈಟ್‌ಫೀಲ್ಡ್‌ಗೆ ಹತ್ತಿರ. 2008ರ ಮೇನಲ್ಲಿ ದೇವನಹಳ್ಳಿ ನಿಲ್ದಾಣ ತೆರೆದು ಎಚ್‌ಎಎಲ್‌ನ ಪ್ರಯಾಣಿಕ ಸೇವೆ ನಿಂತಿತು. ಅಲ್ಲಿಂದ ಲೆಕ್ಕವೇ ತಲೆಕೆಳಗಾಗಿದೆ. ಎಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿಗೆ 50 ಕಿ.ಮೀ.ಗೂ ಹೆಚ್ಚು. ಹುಬ್ಬಳ್ಳಿ, ಮಂಗಳೂರಿಗೆ ಹಾರಾಟ ಸುಮಾರು ಒಂದು ಗಂಟೆ. ಆದರೆ ಚೆಕ್‌ಇನ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ಬೆಳಗಿನ ಆರರ ವಿಮಾನಕ್ಕೆ ಬೊಮ್ಮಸಂದ್ರದ ಕಾರ್ಮಿಕ ನಸುಕಿಗೂ ಬಹಳ ಮೊದಲೇ ಹೊರಡಬೇಕು. ಆ ಹೊತ್ತಿಗೆ ಬೊಮ್ಮಸಂದ್ರದ ಹಳದಿ ಮಾರ್ಗದ ಮೆಟ್ರೊ ಓಡುವುದಿಲ್ಲ. ಟಿಕೆಟ್‌ನಲ್ಲಿ ಉಳಿದ ಹಣವೆಲ್ಲ ಕ್ಯಾಬ್ ಬಾಡಿಗೆಗೆ ಹೋಗುತ್ತದೆ.

ಎಚ್‌ಎಎಲ್ ಮತ್ತೆ ತೆರೆಯಿರಿ ಎಂದರೆ, ದೇವನಹಳ್ಳಿಯಿಂದ 150 ಕಿ.ಮೀ. ಒಳಗೆ ಬೇರೆ ನಿಲ್ದಾಣ ಕೂಡದೆಂದು ಕೇಂದ್ರ ಮತ್ತು ಆ ನಿಲ್ದಾಣದ ಕಂಪನಿಯ ನಡುವಿನ ಒಪ್ಪಂದ 2033ರವರೆಗೆ ಇದೆಯಲ್ಲ ಎನ್ನುವವರಿದ್ದಾರೆ. ನಿಜ. ಆದರೆ ಒಪ್ಪಂದವನ್ನು ಎರಡೂ ಕಡೆಯವರು ಕೂತು ಸಡಿಲಿಸಬಹುದು. ಕೇಳುತ್ತಿರುವುದು ರಾಜ್ಯದೊಳಗೆ ಹಾರುವ ಎಪ್ಪತ್ತು-ಎಂಬತ್ತು ಸೀಟಿನ ಎಟಿಆರ್ ವಿಮಾನಗಳಿಗೆ ಎಚ್‌ಎಎಲ್ ಬಳಸಲು ಅನುಮತಿಯಷ್ಟೇ. ರೈಲು ಸಾಲದೇ ಎಂದರೆ, ಧಾರವಾಡದ ವಂದೇ ಭಾರತ್ ಹುಬ್ಬಳ್ಳಿಯವರಿಗೆ ಸಾಕು, ಬೀದರ್‌ನವರಿಗೆ ಸಾಲದು. ವಿಮಾನ ನಿಲ್ದಾಣದ ಮೆಟ್ರೊ ಬಂದರೂ ಮಧ್ಯರಾತ್ರಿ ಓಡದಿದ್ದರೆ ಮೊದಲ ವಿಮಾನದವರಿಗೆ ಪ್ರಯೋಜನವಿಲ್ಲ. ರಾಜ್ಯ ಸರ್ಕಾರ ಎಚ್‌ಎಎಲ್ ವಿಷಯವನ್ನು ಕೇಂದ್ರದ ಮುಂದಿಡಲಿ. ಅಲ್ಲಿಯವರೆಗೆ ಬಿಎಂಟಿಸಿ ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ, ವೈಟ್‌ಫೀಲ್ಡ್‌ಗಳಿಂದ ರಾತ್ರಿಯಿಡೀ ವಾಯುವಜ್ರ ಬಸ್‌ಗಳನ್ನು ಹೆಚ್ಚಿಸಲಿ.

– ಓದುಗ, ಬೊಮ್ಮಸಂದ್ರ