ತಪಾಸಣೆ ಆಯಿತು, ಚಿಕಿತ್ಸೆ ಯಾವಾಗ?

ವರ್ಷಕ್ಕೊಮ್ಮೆ ವೈದ್ಯರ ತಂಡ ಸರ್ಕಾರಿ ಶಾಲೆಗೆ ಬರುತ್ತದೆ. ಮಕ್ಕಳ ತೂಕ, ಎತ್ತರ ಅಳೆದು, ಅಕ್ಷರಪಟ ಓದಿಸಿ, ಬಾಯಿ ತೆರೆಸಿ ಹಲ್ಲು ನೋಡಿ, ಕಾರ್ಡಿನಲ್ಲಿ ಬರೆದುಕೊಂಡು ಮುಂದಿನ ಶಾಲೆಗೆ ಹೊರಡುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಿಂದ ಬಂದ ಈ ವ್ಯವಸ್ಥೆ ದೊಡ್ಡ ಹೆಜ್ಜೆಯೇ. ದೃಷ್ಟಿದೋಷ, ಹಲ್ಲಿನ ತೊಂದರೆ ಎರಡೂ ಅದರ ಪಟ್ಟಿಯಲ್ಲಿವೆ. ಆದರೆ ಎಷ್ಟು ಮಕ್ಕಳನ್ನು ಪರೀಕ್ಷಿಸಿದೆವು ಎಂಬ ಲೆಕ್ಕಕ್ಕೆ ಸಮಾಧಾನಪಡುವುದು ತಪ್ಪು. ಎಷ್ಟು ಮಕ್ಕಳಿಗೆ ಕನ್ನಡಕ ಸಿಕ್ಕಿತು, ಎಷ್ಟು ಹುಳುಕು ಹಲ್ಲುಗಳನ್ನು ತುಂಬಿಸಲಾಯಿತು ಎಂಬುದೇ ಕಾರ್ಯಕ್ರಮದ ನಿಜವಾದ ಅಳತೆಯಾಗಬೇಕು.

ಚೀಟಿ ಬರೆದುಕೊಟ್ಟರೆ ಮಿಕ್ಕಿದ್ದನ್ನು ಮನೆಯವರು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ಅನುಭವದಲ್ಲಿ ನಿಲ್ಲುವುದಿಲ್ಲ. ಚೀನಾದ ಹಳ್ಳಿಗಾಡಿನ ಪ್ರಾಥಮಿಕ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಬರೀ ಚೀಟಿ ಕೊಟ್ಟ ಶಾಲೆಗಳಲ್ಲಿ ಕನ್ನಡಕ ಹಾಕಿಕೊಂಡ ಮಕ್ಕಳು ಕಡಿಮೆ. ಉಚಿತವಾಗಿ ಕೈಗೇ ಕೊಟ್ಟ ಶಾಲೆಗಳಲ್ಲಿ ಆ ಸಂಖ್ಯೆ ಹೆಚ್ಚಿತು, ಗಣಿತದ ಅಂಕವೂ ಏರಿತು. ಚಿಕ್ಕಂದಿನಲ್ಲೇ ಕನ್ನಡಕ ಹಾಕಿದರೆ ಕಣ್ಣು ಇನ್ನಷ್ಟು ಕೆಡುತ್ತದೆ ಎಂಬ ಭಯ ನಮ್ಮ ಮನೆಗಳಲ್ಲೂ ಇದೆ. ಕನ್ನಡಕ ಸಿಕ್ಕ ಮಕ್ಕಳ ದೃಷ್ಟಿ ಅದರಿಂದ ಹಾಳಾಗಲಿಲ್ಲ ಎಂಬುದನ್ನೂ ಆ ಸಂಶೋಧಕರು ತೋರಿಸಿದರು. ತಡ ಮಾಡಿದರೆ ಮಾತ್ರ ನಷ್ಟ ಖಚಿತ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಸುಕಾದರೆ ಮಗು ದೂರು ಹೇಳುವುದಿಲ್ಲ, ಜಗತ್ತು ಕಾಣುವುದೇ ಹೀಗೆ ಅಂದುಕೊಂಡಿರುತ್ತದೆ. ಬಳಕೆಯಿಲ್ಲದ ಕಣ್ಣಿನ ಚಿತ್ರವನ್ನು ಮಿದುಳು ಕ್ರಮೇಣ ಕೈಬಿಡುತ್ತದೆ. ಏಳು ವರ್ಷದೊಳಗೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಕಟ್ಟಿದರೆ ಚೇತರಿಕೆ ಸುಲಭ. ಹೈಸ್ಕೂಲಿಗೆ ಬರುವಷ್ಟರಲ್ಲಿ ಅದು ಬಹಳ ಕಷ್ಟ. ರಾಜ್ಯದ ಆಶಾಕಿರಣ ಯೋಜನೆ ಮನೆಮನೆಯಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕವನ್ನೂ ಕೊಡಲು ಹೊರಟದ್ದು ಸರಿಯಾದ ದಾರಿ.

ಹಲ್ಲಿಗೆ ಆ ಅದೃಷ್ಟ ಇನ್ನೂ ಬಂದಿಲ್ಲ. ಹಾಲುಹಲ್ಲು ಹೇಗೂ ಬೀಳುತ್ತದೆ, ಅದಕ್ಕೇಕೆ ಖರ್ಚು ಎನ್ನುವವರಿದ್ದಾರೆ. ಹಾಲಿನ ದವಡೆಹಲ್ಲು ಉದುರುವುದು ಹತ್ತು, ಹನ್ನೆರಡನೇ ವಯಸ್ಸಿಗೆ. ಐದರಲ್ಲಿ ಹುಳುಕಾದ ಹಲ್ಲನ್ನು ಹಾಗೇ ಬಿಟ್ಟರೆ ಮಗು ಅಷ್ಟು ವರ್ಷ ನೋವು ತಿನ್ನುತ್ತದೆ. ಬೇಗ ಕಿತ್ತರೆ ಕೆಳಗಿನ ಹಲ್ಲಿಗೆ ಜಾಗ ಸಾಲದೆ ಸಾಲು ಕೆಡುತ್ತದೆ. ಇನ್ನೊಂದು ಸಂಗತಿ ಬಹಳಷ್ಟು ಪೋಷಕರಿಗೆ ತಿಳಿದಿಲ್ಲ. ಆರನೇ ವಯಸ್ಸಿನ ಸುಮಾರಿಗೆ ಮೊದಲ ಶಾಶ್ವತ ದವಡೆಹಲ್ಲು ಹಾಲುಹಲ್ಲುಗಳ ಹಿಂದೆ ಮೂಡುತ್ತದೆ. ಯಾವ ಹಲ್ಲೂ ಬೀಳದೆ ಅದು ಬರುವುದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿದು ನಿರ್ಲಕ್ಷಿಸುತ್ತಾರೆ. ಆಳವಾದ ಗೀರುಗಳಿರುವ ಆ ಹಲ್ಲಿಗೆ ಹುಳುಕು ಬೇಗ ಹತ್ತುತ್ತದೆ. ಮೂಡಿದ ಹೊಸತರಲ್ಲೇ ಗೀರುಗಳನ್ನು ಸೀಲೆಂಟ್‌ನಿಂದ ಮುಚ್ಚುವುದು ಕೆಲವೇ ನಿಮಿಷದ, ನೋವಿಲ್ಲದ ಕೆಲಸ.

ಇಷ್ಟಕ್ಕೆಲ್ಲ ದುಡ್ಡೆಲ್ಲಿ, ವೈದ್ಯರೆಲ್ಲಿ ಎಂಬ ಆಕ್ಷೇಪ ಹಗುರವಾದುದಲ್ಲ. ತಾಲ್ಲೂಕು ಆಸ್ಪತ್ರೆಯ ಒಬ್ಬ ದಂತವೈದ್ಯರ ಮೇಲೆ ಇಷ್ಟು ಭಾರ ಹೊರಿಸಲಾಗದು. ಆದರೆ ಕರ್ನಾಟಕದಲ್ಲಿ 40ಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ. ಬಡ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ಯೋಜನೆಯಲ್ಲಿ ಈ ಕಾಲೇಜುಗಳು ಸರ್ಕಾರದ ಜೊತೆ ಕೈಜೋಡಿಸಿವೆ. ಹಲ್ಲು ಹೋದ ಮೇಲೆ ಸಾಧ್ಯವಾದ ಸಹಕಾರ ಹಲ್ಲು ಉಳಿಸುವುದಕ್ಕೆ ಏಕಾಗಬಾರದು? ಒಂದೊಂದು ಕಾಲೇಜಿಗೆ ಸುತ್ತಲಿನ ಶಾಲೆಗಳ ಒಂದನೇ, ಎರಡನೇ ತರಗತಿಯ ಮಕ್ಕಳನ್ನು ವಹಿಸಿಕೊಟ್ಟು, ಅವರನ್ನು ಕರೆದೊಯ್ಯಲು ವಾಹನ ಕೊಟ್ಟರೆ ಕೆಲಸ ಶುರುವಾಗುತ್ತದೆ. ದಿನಗೂಲಿ ಬಿಟ್ಟು ಜಿಲ್ಲಾಸ್ಪತ್ರೆಗೆ ಅಲೆಯಲಾಗದ ತಾಯಿಯನ್ನು ಬೇಜವಾಬ್ದಾರಿ ಎನ್ನುವುದು ಅನ್ಯಾಯ. ಪೋಷಕರು ಮಾಡಬಹುದಾದದ್ದು ಒಂದಿದೆ: ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ, ಕಳೆದ ತಪಾಸಣೆಯಲ್ಲಿ ತೊಂದರೆ ಕಂಡುಬಂದ ಮಕ್ಕಳ ಪೈಕಿ ಎಷ್ಟು ಜನರಿಗೆ ಚಿಕಿತ್ಸೆ ಆಗಿದೆ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.